ಸೋತ ನಮ್ಮವರು ಫೈನಲ್‌ಗೆ, ಗೆದ್ದ ಮೇನ್ ಮನೆಗೆ: ಹಾಗಾದರೆ ಹಾಕಿ ಈಸ್ಟ್ ಕಪ್ ಯಾತಕ್ಕೆ?

ಪ್ರಶ್ನೆ: ಸರ್, ನಾನು ಬಾಸ್ಟನ್ ಯೂನಿವರ್ಸಿಟಿಯಲ್ಲಿ (ಬಿಯು) ಎಂ.ಎಸ್. ಮಾಡುತ್ತಿದ್ದೇನೆ, ಊರು ದಾವಣಗೆರೆ. ಐಸ್ ಹಾಕಿ ಅನ್ನೋದನ್ನ ಇಲ್ಲಿಗೆ ಬಂದ ಮೇಲೇ ನೋಡಿದ್ದು. 2025ರ ಮಾರ್ಚ್‌ನಲ್ಲಿ ರೂಮ್‌ಮೇಟ್‌ಗಳ ಜೊತೆ ಇಲ್ಲಿನ ಟಿಡಿ ಗಾರ್ಡನ್ ಕ್ರೀಡಾಂಗಣಕ್ಕೆ ಹೋಗಿ ಹಾಕಿ ಈಸ್ಟ್ ಟೂರ್ನಿಯ ಸೆಮಿಫೈನಲ್ ನೋಡಿದೆ. ನಮ್ಮವರು ಕನೆಕ್ಟಿಕಟ್ ಎದುರು ಸೋತರು. ಸೀಸನ್ ಮುಗಿಯಿತು ಅಂದುಕೊಂಡು ಸಪ್ಪೆ ಮೋರೆ ಹಾಕಿಕೊಂಡು ಗ್ರೀನ್ ಲೈನ್ ಟ್ರೇನ್ ಹತ್ತಿದೆವು. ನೋಡಿದರೆ ಮುಂದಿನ ವಾರ ಅದೇ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡುತ್ತಿದೆ! ಅಷ್ಟೇ ಅಲ್ಲ, ಫೈನಲ್‌ವರೆಗೂ ಹೋಯಿತು. ಇತ್ತ ಹಾಕಿ ಈಸ್ಟ್ ಕಪ್ ಗೆದ್ದ ಮೇನ್ ವಿಶ್ವವಿದ್ಯಾಲಯ ಅಲ್ಲಿ ಮೊದಲ ಪಂದ್ಯದಲ್ಲೇ ಹೊರಗೆ ಬಿತ್ತು. ಸೋತರೂ ಮುಂದೆ ಹೋಗಬಹುದಾದರೆ ಈ ಕಾನ್ಫರೆನ್ಸ್ (ಕಾಲೇಜುಗಳ ಕೂಟ) ಟೂರ್ನಿ ಆಡುವುದಾದರೂ ಯಾಕೆ? ಮತ್ತೆ ಟಿಕೆಟ್ ತೆಗೆಯಬೇಕಾ? ತೆಗೆದರೆ ಏನನ್ನು ನೋಡಬೇಕು?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆ ಓದಿ ನಗು ಬಂತು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಬಾಸ್ಟನ್ ಹತ್ತಿರದ ಲೋವೆಲ್‌ಗೆ ಬಂದ ಹೊಸತರಲ್ಲಿ ನಾನೂ ಗಾರ್ಡನ್ ಬಾಲ್ಕನಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರನ್ನು ಇದನ್ನೇ ಕೇಳಿ ತಲೆ ತಿಂದಿದ್ದೆ. ಅಂದಿನಿಂದ ಇವತ್ತಿನವರೆಗೆ ಮಾರ್ಚ್ ಬಂತೆಂದರೆ ಮನೆಯಲ್ಲಿ ಯುಗಾದಿಯ ತಯಾರಿ ಒಂದು ಕಡೆ, ನನ್ನ ಹಾಕಿ ಲೆಕ್ಕಾಚಾರ ಇನ್ನೊಂದು ಕಡೆ.

ಮೊದಲು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಕಾನ್ಫರೆನ್ಸ್ ಟೂರ್ನಿಯಲ್ಲಿ ಒಂದೇ ಐಸ್ ಮೇಲೆ, ಒಂದೇ ಪಕ್ (ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ) ಹಿಂದೆ ಓಡುತ್ತಿರುವ ಎರಡು ತಂಡಗಳು ಬಹಳ ಸಲ ಒಂದೇ ಪಂದ್ಯ ಆಡುತ್ತಿರುವುದಿಲ್ಲ. ಒಬ್ಬರು ಕಪ್‌ಗಾಗಿ ಆಡುತ್ತಿರುತ್ತಾರೆ, ಇನ್ನೊಬ್ಬರು ಉಸಿರಿಗಾಗಿ. ನೀವು ನೋಡಿದ ಸೆಮಿಫೈನಲ್‌ನಲ್ಲಿ ನಿಮ್ಮ ಬಿಯು ಉಸಿರಿಗಾಗಿ ಆಡುತ್ತಿರಲಿಲ್ಲ. ಅದು ನಿಮಗೆ ಗೊತ್ತಿರಲಿಲ್ಲ, ಅಷ್ಟೇ.

ಗೊಂದಲಕ್ಕೆ ಕಾರಣ ಮೂರು ಬೇರೆ ಬೇರೆ ಸ್ಪರ್ಧೆಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿರುವುದು. ಊರಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವರನ್ನು ಕೇಳಿ, ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ ಅಂತ ಒಂದಿರುತ್ತದೆ. ಅಲ್ಲಿ ಮೇಲಿನ ಸ್ಥಾನ ಪಡೆದವರು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತಾರೆ. ವಲಯದಲ್ಲಿ ಬೇಗ ಮುಗ್ಗರಿಸಿದರೆ ವಾಪಸ್ ಬಸ್ಸು ಹತ್ತುವುದೇ ಗತಿ. ನಿಮ್ಮ ತಲೆಯಲ್ಲೂ ಇದೇ ಚಿತ್ರ ಇತ್ತು ಅನಿಸುತ್ತದೆ. ಅಮೆರಿಕದ ಕಾಲೇಜು ಐಸ್ ಹಾಕಿ ಮಾತ್ರ ಹಾಗೆ ನಡೆಯುವುದಿಲ್ಲ. ಇಲ್ಲಿ ಮೇಲೆ ಹೋಗಲು ಎರಡು ಬಾಗಿಲು.

ಹಾಕಿ ಈಸ್ಟ್ ಅನ್ನುವುದು ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ 11 ವಿಶ್ವವಿದ್ಯಾಲಯಗಳ ಕೂಟ: ಬಾಸ್ಟನ್ ಕಾಲೇಜು (ಬಿಸಿ), ನಿಮ್ಮ ಬಿಯು, ನಾರ್ತ್‌ಈಸ್ಟರ್ನ್, ಪ್ರಾವಿಡೆನ್ಸ್, ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಕನೆಕ್ಟಿಕಟ್, ಮೆರಿಮ್ಯಾಕ್, ಮ್ಯಾಸಚೂಸೆಟ್ಸ್ ಮತ್ತು ನಮ್ಮೂರ ಮ್ಯಾಸಚೂಸೆಟ್ಸ್-ಲೋವೆಲ್. ಚಳಿಗಾಲ ಪೂರ್ತಿ ಇವು ತಮ್ಮತಮ್ಮಲ್ಲಿ ತಲಾ 24 ಲೀಗ್ ಪಂದ್ಯ ಆಡುತ್ತವೆ. ನಿಗದಿತ 60 ನಿಮಿಷದಲ್ಲಿ ಗೆದ್ದರೆ 3 ಅಂಕ, ಸಮವಾಗಿ ಓವರ್‌ಟೈಮ್‌ನಲ್ಲಿ (ಹೆಚ್ಚುವರಿ ಆಟದಲ್ಲಿ) ಗೆದ್ದರೆ 2, ಅಲ್ಲಿ ಸೋತವರಿಗೆ ಸಮಾಧಾನಕ್ಕೆ 1. ಆ ಪಟ್ಟಿಯಲ್ಲಿ ಮೇಲೆ ನಿಂತವರು ಲೀಗ್ ಚಾಂಪಿಯನ್. ಅದು ಮೊದಲ ಸ್ಪರ್ಧೆ, ಅದಕ್ಕೂ ಒಂದು ಟ್ರೋಫಿ ಇದೆ, ಆದರೆ ಅದು ರಾಷ್ಟ್ರೀಯ ಟೂರ್ನಿಯ ಟಿಕೆಟ್ ಅಲ್ಲ.

ಮಾರ್ಚ್‌ನಲ್ಲಿ ಎರಡನೆಯದು ಶುರು. ಹನ್ನೊಂದೂ ತಂಡಗಳಿಗೆ ಅವಕಾಶ, ಆದರೆ ಸೋತವರು ಅಲ್ಲಿಗೇ ಔಟ್. ಲೀಗ್ ಪಟ್ಟಿಯ ಮೊದಲ ಐದು ತಂಡಗಳು ಮೊದಲ ಸುತ್ತಿನಲ್ಲಿ ಆಡದೆ ಮನೆಯಲ್ಲಿ ಕೂತಿರುತ್ತವೆ. ಉಳಿದ ಆರರಲ್ಲಿ 6ನೆಯದು 11ರ ಜೊತೆ, 7 ಹತ್ತರ ಜೊತೆ, 8 ಒಂಬತ್ತರ ಜೊತೆ. ಕ್ವಾರ್ಟರ್‌ಫೈನಲ್ ಕೂಡ ಪಟ್ಟಿಯಲ್ಲಿ ಮೇಲಿದ್ದವರ ಅಂಗಳದಲ್ಲೇ. ಹೀಗಾಗಿ ಐದನೇ ಸ್ಥಾನದವರ ಪಾಡು ವಿಚಿತ್ರ: ಮೊದಲ ಸುತ್ತಿಗೆ ರಜೆ ಸಿಕ್ಕುತ್ತದೆ, ಆದರೆ ಆಡಲು ಹೋಗಬೇಕಾದ್ದು ನಾಲ್ಕನೆಯವರ ಮನೆಗೆ. ನಾಲ್ಕಕ್ಕೂ ಐದಕ್ಕೂ ಇರುವ ಆ ಒಂದು ಸ್ಥಾನದ ಅಂತರಕ್ಕಾಗಿ ಫೆಬ್ರವರಿ ಕೊನೆಯಲ್ಲಿ ನಡೆಯುವ ಗುದ್ದಾಟ ನೋಡಬೇಕು ನೀವು. ಕೊನೆಯ ನಾಲ್ವರು ಮಾತ್ರ ಟಿಡಿ ಗಾರ್ಡನ್‌ಗೆ. ಅಲ್ಲಿ ಎರಡು ದಿನ, ಮೂರು ಪಂದ್ಯ, ಕೊನೆಗೆ ಲಾಮೊರೆಲ್ಲೋ ಟ್ರೋಫಿ.

ಒಂದು ಎಚ್ಚರಿಕೆ. ಫೆಬ್ರವರಿಯ ಎರಡು ಸೋಮವಾರ ಅದೇ ಗಾರ್ಡನ್‌ನಲ್ಲಿ ನೀವು ಕುಣಿದಾಡಿದ್ದು ಬೀನ್‌ಪಾಟ್‌ಗೆ, ಇದಕ್ಕಲ್ಲ. ಅದು ಬಾಸ್ಟನ್ ಸುತ್ತಲಿನ ನಾಲ್ಕು ಕಾಲೇಜುಗಳ ಊರಹಬ್ಬ. ಅಲ್ಲಿ ಆಡುವ ಹಾರ್ವರ್ಡ್ ಹಾಕಿ ಈಸ್ಟ್‌ನಲ್ಲೇ ಇಲ್ಲ. 2025ರಲ್ಲಿ ಬೀನ್‌ಪಾಟ್ ಫೈನಲ್‌ನಲ್ಲಿ ಬಿಯು ಬಿಸಿಯನ್ನು 4-1ರಿಂದ ಸೋಲಿಸಿದ್ದು ಬಾಸ್ಟನ್ನಿನ ಜಂಬಕ್ಕೆ ಸೇರಿದ್ದು, ಹಾಕಿ ಈಸ್ಟ್ ಪಟ್ಟಿಗೆ ಅದರಿಂದ ಒಂದು ಅಂಕವೂ ಸೇರಿಲ್ಲ.

ಮೂರನೆಯದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ರಾಷ್ಟ್ರೀಯ ಟೂರ್ನಿ. ಮೇಲ್ದರ್ಜೆಯಲ್ಲಿ ಆಡುವ 60ಕ್ಕೂ ಹೆಚ್ಚು ತಂಡಗಳಲ್ಲಿ 16ಕ್ಕೆ ಮಾತ್ರ ಜಾಗ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ದೇಶದಲ್ಲಿ ಆರು ಕಾನ್ಫರೆನ್ಸ್‌ಗಳಿವೆ. ಆರು ಟೂರ್ನಿಗಳ ಆರು ಚಾಂಪಿಯನ್‌ಗಳು ಯಾರನ್ನೂ ಕೇಳದೆ ನೇರ ಒಳಗೆ. ಅದು ಮೊದಲ ಬಾಗಿಲು. ಉಳಿದ 10 ಜಾಗ ಇಡೀ ಸೀಸನ್ನಿನ ಸಾಧನೆಯ ಲೆಕ್ಕದ ಮೇಲೆ. ಅದು ಎರಡನೆಯದು.

ಈ ಲೆಕ್ಕ ಯಾರೋ ನಾಲ್ಕು ಜನ ಕೋಣೆಯಲ್ಲಿ ಕೂತು ಒಪ್ಪಿಕೊಂಡ ಅಭಿಪ್ರಾಯವಲ್ಲ. ನಮ್ಮಲ್ಲಿ ತಂಡದ ಆಯ್ಕೆ ಅಂದ ಕೂಡಲೇ ಯಾರ ಕಡೆಯವರು ಯಾರು ಅಂತ ಮಾತು ಶುರುವಾಗುತ್ತದಲ್ಲ, ಕಾಲೇಜು ಹಾಕಿಯಲ್ಲಿ ಅದಕ್ಕೆ ಎಡೆ ಬಹಳ ಕಡಿಮೆ. ನೀವು ನೋಡಿದ 2025ರ ಸೀಸನ್‌ವರೆಗೆ ಪೇರ್‌ವೈಸ್ ಎಂಬ ಪದ್ಧತಿ ಇತ್ತು. ಪ್ರತಿಯೊಂದು ತಂಡವನ್ನೂ ಉಳಿದ ಪ್ರತಿಯೊಂದು ತಂಡದ ಪಕ್ಕ ನಿಲ್ಲಿಸಿ ತೂಗುವುದು: ನೇರ ಮುಖಾಮುಖಿಯಲ್ಲಿ ಯಾರು ಮೇಲು, ಇಬ್ಬರೂ ಆಡಿದ ಸಮಾನ ಎದುರಾಳಿಗಳ ಮೇಲೆ ಯಾರ ದಾಖಲೆ ಚೆನ್ನ, ಗೆಲುವಿನ ಪ್ರಮಾಣಕ್ಕೆ ಎದುರಾಳಿಗಳ ಬಲವನ್ನೂ ಸೇರಿಸಿ ಬರುವ ಅಂಕಿಯಲ್ಲಿ ಯಾರು ಮುಂದೆ. 2025-26ರ ಸೀಸನ್‌ನಿಂದ ಅದರ ಬದಲು ಎನ್‌ಪಿಐ ಎಂಬ ಹೊಸ ಸೂಚ್ಯಂಕ ಬಂದಿದೆ. ಸೂತ್ರ ಬೇರೆಯಾದರೂ ತಿರುಳು ಅದೇ: ಎಷ್ಟು ಗೆದ್ದೆ, ಎಂಥವರ ಮೇಲೆ ಗೆದ್ದೆ. ಸೂತ್ರ ಎಲ್ಲರಿಗೂ ಗೊತ್ತಿರುವುದರಿಂದ ಅಧಿಕೃತ ಪಟ್ಟಿ ಬರುವ ಮೊದಲೇ ನನ್ನಂಥ ಹುಚ್ಚರು ಮನೆಯಲ್ಲಿ ಕೂತು 16 ಹೆಸರು ಬರೆದಿಟ್ಟಿರುತ್ತೇವೆ.

ಈಗ ನಿಮ್ಮ ಮಾರ್ಚ್‌ಗೆ ಬನ್ನಿ. ಅಕ್ಟೋಬರ್‌ನಿಂದ ಬಿಯು ಕೂಡಿಟ್ಟುಕೊಂಡಿದ್ದ ಗಂಟು ಒಂದು ಸೆಮಿಫೈನಲ್ ಸೋಲಿಗೆ ಕರಗುವಷ್ಟು ಚಿಕ್ಕದಾಗಿರಲಿಲ್ಲ. ಬಿಯುವನ್ನು ಸೋಲಿಸಿ, ಫೈನಲ್‌ನಲ್ಲಿ ಮೇನ್ ಎದುರು 5-2ರಿಂದ ಸೋತ ಕನೆಕ್ಟಿಕಟ್ ಕೂಡ ಒಳಗೆ ಹೋಯಿತು, ಅದೂ ತನ್ನ ಇತಿಹಾಸದಲ್ಲೇ ಮೊದಲ ಸಲ. ಕ್ವಾರ್ಟರ್‌ಫೈನಲ್‌ನಲ್ಲಿ ತನ್ನದೇ ಅಂಗಳದಲ್ಲಿ ನಾರ್ತ್‌ಈಸ್ಟರ್ನ್‌ಗೆ 3-1ರಿಂದ ಸೋತು ಗಾರ್ಡನ್ ಮುಖವನ್ನೇ ನೋಡದ ಬಿಸಿಗೆ ಸಿಕ್ಕಿದ್ದೇನು ಗೊತ್ತಾ? ರಾಷ್ಟ್ರೀಯ ಟೂರ್ನಿಯ ಒಂದನೇ ಶ್ರೇಯಾಂಕ! ಒಟ್ಟು ಆರು ತಂಡ ಹಾಕಿ ಈಸ್ಟ್‌ನಿಂದಲೇ ಹೋದವು. ಬಿಯು ಟೊಲೀಡೊದಲ್ಲಿ ಒಹಾಯೊ ಸ್ಟೇಟ್ ಮೇಲೆ 8-3, ಕಾರ್ನೆಲ್ ಮೇಲೆ ಓವರ್‌ಟೈಮ್‌ನಲ್ಲಿ 3-2, ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ಪೆನ್ ಸ್ಟೇಟ್ ಮೇಲೆ 3-1. ಫೈನಲ್‌ನಲ್ಲಿ ವೆಸ್ಟರ್ನ್ ಮಿಷಿಗನ್ 6-2ರಿಂದ ಸೋಲಿಸಿತು, ಅದನ್ನು ನಾನು ನೆನಪಿಸಬೇಕಾಗಿಲ್ಲ.

ಆ ಸಾಲಿನಲ್ಲಿ ಕಾರ್ನೆಲ್ ಹೆಸರು ಬಂತಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಹೆಸರಲ್ಲೇ. ಕಾರ್ನೆಲ್ ಆಡುವುದು ನೆರೆಯ ಇಸಿಎಸಿ ಕಾನ್ಫರೆನ್ಸ್‌ನಲ್ಲಿ. 2025ರಲ್ಲಿ ಅದು ತನ್ನ ಲೀಗ್‌ನಲ್ಲಿ ಆರನೇ ಸ್ಥಾನ. ರಾಷ್ಟ್ರೀಯ ಲೆಕ್ಕದಲ್ಲಿ ಒಳಗೆ ಬರುವಷ್ಟು ಗಂಟು ಇರಲಿಲ್ಲ. ಮೂವತ್ತು ಸೀಸನ್ ಆ ತಂಡವನ್ನು ನಡೆಸಿದ ಕೋಚ್ ಮೈಕ್ ಶೇಫರ್ ಇದೇ ತಮ್ಮ ಕೊನೆಯ ವರ್ಷ ಅಂತ ಮೊದಲೇ ಹೇಳಿಯಾಗಿತ್ತು. ಅಂದರೆ ಯಾವ ರಾತ್ರಿ ಸೋತರೂ ಆ ರಾತ್ರಿಯೇ ಅವರ ಕೋಚಿಂಗ್ ಮುಗಿಯುತ್ತಿತ್ತು. ಇಸಿಎಸಿಯ ಸೆಮಿಫೈನಲ್, ಫೈನಲ್ ನಡೆಯುವುದು ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಬೆಟ್ಟದೂರಿನಲ್ಲಿ. 1980ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಸೋವಿಯತ್ ತಂಡವನ್ನು ಸೋಲಿಸಿದ ಅದೇ ರಿಂಕ್‌ನಲ್ಲಿ. ಅಲ್ಲಿ ಕಾರ್ನೆಲ್ ಲೀಗ್‌ನ ಅಗ್ರಸ್ಥಾನಿ ಕ್ವಿನಿಪಿಯಾಕ್ ಅನ್ನು ದಾಟಿ, ಫೈನಲ್‌ನಲ್ಲಿ ಕ್ಲಾರ್ಕ್ಸನ್ ಅನ್ನು 3-1ರಿಂದ ಸೋಲಿಸಿ ಮೊದಲ ಬಾಗಿಲಿನಿಂದ ಒಳಗೆ ಬಂತು. ಬಂದದ್ದೇ ತಡ, ರಾಷ್ಟ್ರೀಯ ಎರಡನೇ ಶ್ರೇಯಾಂಕದ ಮಿಷಿಗನ್ ಸ್ಟೇಟ್‌ಗೆ 4-3ರ ಏಟು.

ಹೀಗೆ ಟೊಲೀಡೊದ ಆ ಪಂದ್ಯದಲ್ಲಿ ತನ್ನ ಕಾನ್ಫರೆನ್ಸ್ ಸೋತು ಬಂದವರೂ, ಗೆಲ್ಲದಿದ್ದರೆ ಅಲ್ಲಿಗೆ ಬರಲಾಗದವರೂ ಎದುರುಬದುರು ನಿಂತರು. ಓವರ್‌ಟೈಮ್‌ನಲ್ಲಿ ಬಿಯು ಗೋಲು ಹೊಡೆದಾಗ ನೀವು ಕುಣಿದಿರಿ. ಆ ಕಡೆ ಮೂವತ್ತು ವರ್ಷದ ಅಧ್ಯಾಯ ಒಂದು ಮುಗಿಯಿತು.

ಯಾರ ಲೆಕ್ಕದಲ್ಲೂ ಇಲ್ಲದ ಇಂಥ ತಂಡ ಕಪ್ ಗೆದ್ದಾಗ ಇನ್ನೊಂದು ತಮಾಷೆ ನಡೆಯುತ್ತದೆ. ಜಾಗ ಇರುವುದು 16 ಮಾತ್ರ. ಹೊಸಬರು ಒಳಗೆ ಬಂದರೆ ಲೆಕ್ಕದ ಪಟ್ಟಿಯ ಅಂಚಿನಲ್ಲಿ ನಿಂತಿದ್ದವರೊಬ್ಬರು ಹೊರಗೆ. ಅವರು ಆ ಪಂದ್ಯ ಆಡಿಯೇ ಇರುವುದಿಲ್ಲ! ನೂರಾರು ಮೈಲಿ ದೂರದ ಹಾಸ್ಟೆಲ್ ಕೋಣೆಯಲ್ಲಿ ಟಿವಿ ಮುಂದೆ ಕೂತು, ತಮಗೆ ಸಂಬಂಧವೇ ಇಲ್ಲದ ಎರಡು ತಂಡಗಳಲ್ಲಿ ಒಂದಕ್ಕೆ ಹರಕೆ ಹೊತ್ತಿರುತ್ತಾರೆ. ಬಸ್‌ನಲ್ಲಿ ಟವೆಲ್ ಹಾಕಿ ಸೀಟು ಹಿಡಿದವನಿಗೆ, ಹತ್ತಿದ ಮೇಲೆ ಅಲ್ಲಿ ಬೇರೆಯವರು ಕೂತಿದ್ದು ಕಂಡರೆ ಹೇಗಾಗುತ್ತದೋ ಹಾಗೆ.

ಈ ಅಂಚಿನ ಕಥೆಗಳಲ್ಲಿ ಬಿಯುವಿನವರು ಮರೆಯಲಾಗದ್ದು 2015ರದ್ದು. ಆ ವರ್ಷ ಹಾಕಿ ಈಸ್ಟ್ ಕಪ್ ಗೆದ್ದದ್ದು ಬಿಯು. ತಾರೆ ಜ್ಯಾಕ್ ಐಕಲ್ ಆಡುತ್ತಿದ್ದ ತಂಡ, ಫೈನಲ್‌ನಲ್ಲಿ ನಮ್ಮ ಲೋವೆಲ್‌ಗೆ 5-3ರಿಂದ ಬಡಿದರು (ಹೊಟ್ಟೆ ಇನ್ನೂ ಉರಿಯುತ್ತದೆ). ಪ್ರಾವಿಡೆನ್ಸ್ ಕ್ವಾರ್ಟರ್‌ಫೈನಲ್‌ನಲ್ಲೇ ನ್ಯೂ ಹ್ಯಾಂಪ್‌ಶೈರ್‌ಗೆ ಸೋತು ಮನೆಗೆ ಹೋಗಿತ್ತು. ಬೇರೆ ಕಾನ್ಫರೆನ್ಸ್‌ಗಳ ಫಲಿತಾಂಶಗಳು ತನ್ನ ಕಡೆ ವಾಲಲಿ ಅಂತ ಕಾಯುತ್ತಾ ಕೂತು, ಲೆಕ್ಕದ ಕೊನೆಯ ಜಾಗದಲ್ಲಿ ಹೇಗೋ ತೂರಿಕೊಂಡಿತು. ಏಪ್ರಿಲ್‌ನ ರಾಷ್ಟ್ರೀಯ ಫೈನಲ್ ಇದೇ ಟಿಡಿ ಗಾರ್ಡನ್‌ನಲ್ಲಿ, ಬಿಯು ಎದುರು ಪ್ರಾವಿಡೆನ್ಸ್. ಬಿಯು ಮುಂದಿತ್ತು. ಕೊನೆಯ ಪೀರಿಯಡ್‌ನಲ್ಲಿ (ಆಟದ ಮೂರನೇ ಭಾಗ) ದೂರದಿಂದ ತೇಲಿ ಬಂದ ಸಾಧಾರಣ ಪಕ್ ಒಂದನ್ನು ಬಿಯು ಗೋಲಿ (ಗೋಲ್‌ಕೀಪರ್) ಗ್ಲೌಸ್‌ನಲ್ಲಿ ಹಿಡಿದು, ಕೈಜಾರಿ ತನ್ನದೇ ಗೋಲಿನೊಳಗೆ ಬೀಳಿಸಿಬಿಟ್ಟ. ಸ್ಕೋರ್ ಸಮ. ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲು. 4-3. ಕಾನ್ಫರೆನ್ಸ್‌ನಲ್ಲಿ ಗಾರ್ಡನ್‌ವರೆಗೂ ಬರಲಾರದ ತಂಡ ಅದೇ ಗಾರ್ಡನ್‌ನಲ್ಲಿ ದೇಶಕ್ಕೇ ಚಾಂಪಿಯನ್.

ಇದನ್ನೆಲ್ಲ ಕೇಳಿ, ಹಾಗಾದರೆ ಬಲವಾದ ತಂಡಗಳಿಗೆ ಈ ಕಪ್ ಬೇಕಾಗಿಯೇ ಇಲ್ಲ, ಬೇಗ ಸೋತರೆ ವಿಶ್ರಾಂತಿಯೂ ಸಿಗುತ್ತದೆ ಅನ್ನುವವರಿದ್ದಾರೆ. ಟಿವಿಯಲ್ಲೂ ಕೇಳಿರುತ್ತೀರಿ. ನನಗೆ ಇದು ಒಪ್ಪಿಗೆಯಿಲ್ಲ. ಮೇನ್ ಕಪ್ ಗೆದ್ದು ಪೆನ್ ಸ್ಟೇಟ್ ಎದುರು 5-1ರಿಂದ ಸೋತಿದ್ದನ್ನೇ ಎಲ್ಲರೂ ತೋರಿಸುತ್ತಾರೆ. ಆದರೆ ಫೈನಲ್‌ನಲ್ಲಿ ನಿಮ್ಮನ್ನು ಸೋಲಿಸಿದ ವೆಸ್ಟರ್ನ್ ಮಿಷಿಗನ್ ತನ್ನ ಕಾನ್ಫರೆನ್ಸ್ ಟೂರ್ನಿಯ ಫೈನಲ್‌ನಲ್ಲಿ ಡೆನ್ವರ್ ಜೊತೆ ಎರಡು ಓವರ್‌ಟೈಮ್ ಬಡಿದಾಡಿ, ಕಪ್ ಎತ್ತಿಕೊಂಡೇ ಬಂದಿತ್ತಲ್ಲ? 2021ರಲ್ಲಿ ಮ್ಯಾಸಚೂಸೆಟ್ಸ್ ಹಾಕಿ ಈಸ್ಟ್ ಕಪ್ಪನ್ನೂ ಗೆದ್ದಿತು, ಅದರ ಹಿಂದೆಯೇ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಅತ್ತ ವಿಶ್ರಾಂತಿ ಭರ್ಜರಿ ಸಿಕ್ಕ 2025ರ ಬಿಸಿ ಎರಡನೇ ಪಂದ್ಯದಲ್ಲಿ ಡೆನ್ವರ್‌ಗೆ ಸೋತಿತು. ನಾಕೌಟ್ ಹಾಕಿಯಲ್ಲಿ ಒಂದು ರಾತ್ರಿ ಎದುರು ತಂಡದ ಗೋಲಿಯ ಮೈಮೇಲೆ ದೇವರು ಬಂದರೆ ಮುಗಿಯಿತು. ಒಂದು ಪಂದ್ಯ ನೋಡಿ ಇಂಥ ಸಿದ್ಧಾಂತ ಕಟ್ಟಬಾರದು.

ಇನ್ನೊಂದು ವಿಷಯ. ಕಪ್ ಎಲ್ಲಿಗೆ ದಾರಿ ಮಾಡಿಕೊಡುತ್ತದೆ ಅನ್ನುವುದರಿಂದಲೇ ಅದರ ಬೆಲೆ ಕಟ್ಟುವುದು ನಮ್ಮಂಥ ಹೊರಗಿನವರ ಅಭ್ಯಾಸ. ಹಾಕಿ ಅಂದರೆ ನಮಗೆ ಕೊಡಗು ತಾನೇ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ ತಂಡಗಳು ಇಳಿದಿದ್ದವು. ಅಲ್ಲಿ ಗೆದ್ದವರು ಮುಂದೆ ಯಾವ ಟೂರ್ನಿಗೆ ಹೋಗುತ್ತಾರೆ ಅಂತ ಯಾರಾದರೂ ಕೇಳುತ್ತಾರಾ? ಮನೆತನದ ಹೆಸರು ಕಪ್ ಮೇಲೆ ಬರೆಯಲಿ ಅನ್ನುವುದಷ್ಟೇ. ಹಾಕಿ ಈಸ್ಟ್‌ನಲ್ಲೂ ಆ ಅಂಶ ದಂಡಿಯಾಗಿದೆ. ಈ ಕಾಲೇಜುಗಳಲ್ಲಿ ಬಹಳಷ್ಟು ಅಕ್ಕಪಕ್ಕದ ಊರುಗಳವು. ಬಿಸಿ ಮತ್ತು ಬಿಯು ಒಂದೇ ಗ್ರೀನ್ ಲೈನ್ ಬಿ ಟ್ರೇನಿನ ಸ್ಟಾಪ್‌ಗಳು. ಅಣ್ಣ ಒಂದರಲ್ಲಿ, ತಂಗಿ ಇನ್ನೊಂದರಲ್ಲಿ ಓದಿರುತ್ತಾರೆ.

ಈ ಕೂಟ ಹುಟ್ಟಿದ್ದೂ ಒಂದು ಮನೆ ಭಾಗವಾದ ಕಥೆ. 1980ರ ದಶಕದ ಶುರುವಿನವರೆಗೆ ಇವರೆಲ್ಲ ಇಸಿಎಸಿಯಲ್ಲೇ ಇದ್ದರು. ಅಲ್ಲಿದ್ದ ಹಾರ್ವರ್ಡ್, ಯೇಲ್, ಕಾರ್ನೆಲ್‌ನಂಥ ಐವಿ ಲೀಗ್ ಎಂಬ ಹಳೆಯ ಪ್ರತಿಷ್ಠಿತ ಗುಂಪಿನ ಕಾಲೇಜುಗಳು ಬೇರೆ ಹೋಗುವ ಮಾತೆತ್ತಿದಾಗ, ಅವರು ಹೋಗುವ ಮೊದಲು ನಾವೇ ಹೋಗೋಣ ಅಂತ 1983ರಲ್ಲಿ ಬಿಸಿ, ಬಿಯು, ನಾರ್ತ್‌ಈಸ್ಟರ್ನ್, ಪ್ರಾವಿಡೆನ್ಸ್, ನ್ಯೂ ಹ್ಯಾಂಪ್‌ಶೈರ್ ಹೊರಟುಬಿಟ್ಟವು. ಲೋವೆಲ್ ಮತ್ತು ಮೇನ್ ಜೊತೆ ಸೇರಿ ಏಳಾದವು. ಮುಂದಾಳು ಪ್ರಾವಿಡೆನ್ಸಿನ ಲೂ ಲಾಮೊರೆಲ್ಲೋ; ಇವತ್ತಿನ ಟ್ರೋಫಿಗೆ ಇಟ್ಟಿರುವುದು ಅವರ ಹೆಸರೇ. ತಮಾಷೆ ಅಂದರೆ ಐವಿಗಳು ಕೊನೆಗೆ ಎಲ್ಲಿಗೂ ಹೋಗಲಿಲ್ಲ, ಇವತ್ತಿಗೂ ಇಸಿಎಸಿಯಲ್ಲೇ ಇದ್ದಾರೆ. 1985ರ ಮೊದಲ ಫೈನಲ್‌ನಲ್ಲೇ ಪ್ರಾವಿಡೆನ್ಸ್ ಎರಡು ಓವರ್‌ಟೈಮ್ ಎಳೆದು ಬಿಸಿಯನ್ನು 2-1ರಿಂದ ಸೋಲಿಸಿತು. ಆಮೇಲೆ 2025ರವರೆಗೆ ಬಿಸಿ 12 ಸಲ, ಬಿಯು 10 ಸಲ ಕಪ್ ಎತ್ತಿವೆ. ಮೇನ್ 6. ಮಿಕ್ಕವರಿಗೆ ಎರಡೋ ಮೂರೋ, ಕೆಲವರಿಗೆ ಸೊನ್ನೆ. 2020ರಲ್ಲಿ ಕೋವಿಡ್‌ನಿಂದ ಟೂರ್ನಿಯೇ ನಡೆಯಲಿಲ್ಲ.

ಮೇನ್ ಗೆದ್ದ ರಾತ್ರಿ ಯಾಕೆ ಅಷ್ಟು ಗದ್ದಲ ಅಂತ ನಿಮಗೆ ಅನಿಸಿರಬಹುದು. ಓರೊನೊ ಎಂಬ ಅವರ ಊರಿನಿಂದ ಬಾಸ್ಟನ್‌ಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಬೇರೆ ದೊಡ್ಡ ಕ್ರೀಡಾ ತಂಡ ಇಲ್ಲದ ರಾಜ್ಯ. ಇರುವ ಪ್ರೀತಿಯೆಲ್ಲ ಈ ಹುಡುಗರ ಮೇಲೆ. 2004ರಲ್ಲಿ ಮ್ಯಾಸಚೂಸೆಟ್ಸ್ ಎದುರು ಮೂರು ಓವರ್‌ಟೈಮ್ ಆಡಿ 2-1ರಿಂದ ಗೆದ್ದ ಮೇಲೆ 21 ವರ್ಷ ಆ ಕಪ್ ಅವರ ಕೈಗೆ ಬಂದಿರಲಿಲ್ಲ. ಕೊನೆಯ ಕಪ್ ಬಂದಾಗ ಎಲ್‌ಕೆಜಿಯೂ ಸೇರಿರದಿದ್ದ ಹುಡುಗರು 2025ರಲ್ಲಿ ಸೆಮಿಫೈನಲ್‌ನಲ್ಲಿ ನಾರ್ತ್‌ಈಸ್ಟರ್ನ್ ಜೊತೆ ಎರಡು ಓವರ್‌ಟೈಮ್ ಆಡಿ 4-3ರಿಂದ ಉಳಿದುಕೊಂಡರು, ಮಾರನೇ ದಿನ ಕಪ್ ಗೆದ್ದರು. ಆ ಊರಿನವರ ಮುಂದೆ ಹೋಗಿ, ಮುಂದಿನ ವಾರ ಸೋತಿರಲ್ಲ, ಇದು ಲೆಕ್ಕಕ್ಕಿಲ್ಲ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ನಮ್ಮ ಲೋವೆಲ್‌ನದೂ ಹೇಳಿಬಿಡುತ್ತೇನೆ, ತಡೆಯಬೇಡಿ. ಹತ್ತಿ ಗಿರಣಿಗಳು ಮುಚ್ಚಿಹೋದ ಊರು ಇದು. ನಮ್ಮ ದಾವಣಗೆರೆಯನ್ನೇ ನೆನೆದುಕೊಳ್ಳಿ, ನಿಮಗೆ ಬೇಗ ಅರ್ಥವಾಗುತ್ತದೆ. 1984ರಿಂದ ಕೂಟದಲ್ಲಿದ್ದೂ 2013ರವರೆಗೆ ಒಂದು ಕಪ್ ಇರಲಿಲ್ಲ. ಆ ವರ್ಷ ಫೈನಲ್‌ನಲ್ಲಿ ಬಿಯು ಮೇಲೆ 1-0. ಗೋಲಿನ ಮುಂದೆ ಗೋಡೆಯಂತೆ ನಿಂತಿದ್ದವನು ಕಾನರ್ ಹೆಲಬಕ್ ಎಂಬ ಮೊದಲ ವರ್ಷದ ಹುಡುಗ. ಮರುವರ್ಷ ಮತ್ತೆ ಅವನೇ, 4-0. ಎರಡೂ ಸಲ ಟೂರ್ನಿಯ ಶ್ರೇಷ್ಠ ಆಟಗಾರ. ಮುಂದೆ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್‌ಗೆ ಹೋಗಿ 2025ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಪಡೆದ. ಗೋಲಿಯೊಬ್ಬನಿಗೆ ಅದು ಸಿಗುವುದು ಅಪರೂಪ.

ಓವರ್‌ಟೈಮ್ ಅಂತ ಮತ್ತೆ ಮತ್ತೆ ಬರುತ್ತಿದೆ, ಅದನ್ನು ಬಿಡಿಸಿ ಹೇಳಬೇಕು. ಲೀಗ್ ಪಂದ್ಯ ಸಮವಾದರೆ ತಲಾ ಮೂವರಂತೆ ಐದು ನಿಮಿಷ ಆಡಿಸಿ, ಅದರಲ್ಲೂ ಆಗದಿದ್ದರೆ ಶೂಟೌಟ್‌ನಲ್ಲಿ (ಒಬ್ಬೊಬ್ಬರೇ ಗೋಲಿಯ ಎದುರು ಬಂದು ಹೊಡೆಯುವುದು) ಮುಗಿಸುತ್ತಾರೆ. ಟೂರ್ನಿಯಲ್ಲಿ ಹಾಗಿಲ್ಲ. ಪೂರ್ತಿ ತಂಡ, 20 ನಿಮಿಷದ ಇನ್ನೊಂದು ಪೀರಿಯಡ್, ಗೋಲು ಬಿದ್ದ ಕ್ಷಣ ಆಟ ಬಂದ್. ಬೀಳದಿದ್ದರೆ ವಿರಾಮ, ಮತ್ತೆ 20 ನಿಮಿಷ. ಬೀಳುವವರೆಗೆ ಹೀಗೇ.

2015ರ ಮಾರ್ಚ್ 6ರಂದು ಇದು ಎಲ್ಲಿಗೆ ಹೋಯಿತೆಂದರೆ, ಆಗ ಹಾಕಿ ಈಸ್ಟ್‌ನಲ್ಲಿದ್ದ ನೋಟರ್ ಡೇಮ್‌ನ ರಿಂಕ್‌ನಲ್ಲಿ ಸಂಜೆ ಶುರುವಾದ ಪಂದ್ಯ ಮುಗಿದಾಗ ತಾರೀಖು ಬದಲಾಗಿ ಗಂಟೆ ಒಂದು ದಾಟಿತ್ತು. ಐದನೇ ಓವರ್‌ಟೈಮ್. ಒಟ್ಟು 151 ನಿಮಿಷ 42 ಸೆಕೆಂಡ್ ಆಟ, ಅಂದರೆ ಎರಡೂವರೆ ಪಂದ್ಯ. ಎನ್‌ಸಿಎಎ ಇತಿಹಾಸದಲ್ಲಿ ಅದಕ್ಕಿಂತ ಉದ್ದದ ಪಂದ್ಯ ಅಲ್ಲಿಯವರೆಗೆ ನಡೆದಿರಲಿಲ್ಲ. ಮ್ಯಾಸಚೂಸೆಟ್ಸ್ 4-3ರಿಂದ ಗೆದ್ದಿತು. ಸೋತ ಕಡೆಯ ಗೋಲಿ ಕ್ಯಾಲ್ ಪೀಟರ್ಸನ್ ತಡೆದದ್ದು 87 ಹೊಡೆತ. ಒಂದು ಮಾಮೂಲಿ ಪಂದ್ಯದಲ್ಲಿ 30 ತಡೆದರೆ ಭೇಷ್ ಅನ್ನುತ್ತೇವೆ. ಇದರ ಬಾಲ ಇನ್ನೂ ಚೆನ್ನಾಗಿದೆ. ಆಗ ಮೊದಲ ಸುತ್ತು ಮೂರು ಪಂದ್ಯಗಳ ಸರಣಿಯಾಗಿತ್ತು. ಆ ರಾತ್ರಿ ಸೋತ ನೋಟರ್ ಡೇಮ್ ಮುಂದಿನ ಎರಡೂ ಪಂದ್ಯ ಗೆದ್ದು ಸರಣಿ ತೆಗೆದುಕೊಂಡಿತು.

ಈಗ ನಿಮ್ಮ ಕೊನೆಯ ಪ್ರಶ್ನೆ. ಟಿಕೆಟ್ ತೆಗೆಯಿರಿ. ದುಡ್ಡು ಒಂದೇ ದಿನಕ್ಕೆ ಇದ್ದರೆ ಫೈನಲ್ ಬಿಟ್ಟು ಸೆಮಿಫೈನಲ್ ದಿನ ಹೋಗಿ. ಒಂದೇ ಟಿಕೆಟ್‌ಗೆ ಎರಡು ಪಂದ್ಯ, ನಾಲ್ಕು ಕಾಲೇಜುಗಳ ಬ್ಯಾಂಡ್, ನಾಲ್ಕು ಬಣ್ಣ. ವಿದ್ಯಾರ್ಥಿಗಳಿಗೆ ನಿಮ್ಮ ಕಾಲೇಜಿನ ಮೂಲಕವೇ ಕಡಿಮೆ ದರದಲ್ಲಿ ಸಿಗುತ್ತದೆಯಾ ವಿಚಾರಿಸಿ. ಕೂರುವುದು ಬಾಲ್ಕನಿಯಲ್ಲಿ, ಗೋಲಿನ ಹಿಂದಿನ ಮೂಲೆಯಲ್ಲಿ. ಕೆಳಗೆ ಗಾಜಿನ ಪಕ್ಕ ಕೂತರೆ ಹುಡುಗರು ಗೋಡೆಗೆ ಡಿಕ್ಕಿ ಹೊಡೆಯುವ ಸದ್ದು ಚೆನ್ನಾಗಿ ಕೇಳುತ್ತದೆ ನಿಜ, ಆದರೆ ಹೊಸಬರಿಗೆ ಪಕ್ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಮೇಲಿಂದ ಇಡೀ ಆಟ ಚೌಕಾಬಾರ ಮಣೆಯಂತೆ ಕಾಣುತ್ತದೆ.

ಪಕ್ ಹಿಂದೆ ಕಣ್ಣು ಓಡಿಸುವುದು ಬಿಟ್ಟು ಬೆಂಚ್ ಕಡೆ ನೋಡಿ. ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಿಲ್ಲದೆಯೇ ಐವರು ಒಳಗೆ, ಐವರು ಹೊರಗೆ. ಸುಸ್ತಾದವರು ಬೆಂಚಿಗೆ ಮರಳಲಾಗದೆ ಐಸ್ ಮೇಲೇ ಸಿಕ್ಕಿಹಾಕಿಕೊಂಡರೆ ಗೋಲು ಬೀಳುವ ಹೊತ್ತು ಬಂತು ಅಂತ ಲೆಕ್ಕ. ತಪ್ಪು ಮಾಡಿದವನನ್ನು ಎರಡು ನಿಮಿಷ ಪೆಟ್ಟಿಗೆಯಲ್ಲಿ ಕೂರಿಸಿದಾಗ ಎದುರಿನವರಿಗೆ ಒಬ್ಬ ಹೆಚ್ಚು; ಅದು ಪವರ್ ಪ್ಲೇ. ನಮ್ಮ ಒನ್ ಡೇ ಕ್ರಿಕೆಟ್‌ನ ಪವರ್ ಪ್ಲೇಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಟಿವಿಯಲ್ಲಿ ಕಾಣುವ ಕೈಕೈ ಮಿಲಾಯಿಸುವ ಜಗಳ ಇಲ್ಲಿ ಹುಡುಕಬೇಡಿ. ಕಾಲೇಜಿನಲ್ಲಿ ಗುದ್ದಾಡಿದರೆ ಆ ಪಂದ್ಯದಿಂದಲೂ ಹೊರಗೆ, ಮುಂದಿನದರಿಂದಲೂ ಹೊರಗೆ. ಕೊನೆಯ ಎರಡು ನಿಮಿಷದಲ್ಲಿ ಹಿಂದಿರುವ ತಂಡ ಗೋಲಿಯನ್ನೇ ಎಬ್ಬಿಸಿ ಆರನೇ ಆಟಗಾರನನ್ನು ಇಳಿಸುತ್ತದೆ. ಖಾಲಿ ಗೋಲಿಗೆ ಎದುರಿನವರು ಇನ್ನೆರಡು ಹೊಡೆದರೆ 3-2 ಆಗಬೇಕಾದದ್ದು 5-2 ಆಗುತ್ತದೆ. ಪೇಪರಿನಲ್ಲಿ ಅಂಥ ಸ್ಕೋರ್ ನೋಡಿ ಏಕಪಕ್ಷೀಯ ಅಂತ ತೀರ್ಮಾನ ಮಾಡಬೇಡಿ.

ಎಲ್ಲಕ್ಕಿಂತ ಮೊದಲು ಹೊರಡುವ ದಿನ ಬೆಳಿಗ್ಗೆ ರಾಷ್ಟ್ರೀಯ ಲೆಕ್ಕದ ಪಟ್ಟಿ ತೆರೆದು, ನಾಲ್ಕು ತಂಡಗಳಲ್ಲಿ ಯಾರು ಆಗಲೇ ಒಳಗಿದ್ದಾರೆ, ಯಾರು ಗೆಲ್ಲದಿದ್ದರೆ ಹೊರಗೆ ಅಂತ ಗುರುತು ಹಾಕಿಕೊಳ್ಳಿ. ನಿಮ್ಮ ಬಿಯು ಸೋತರೂ ಒಳಗಿರುವಂತಿದ್ದರೆ ಎರಡನೇ ಪಂದ್ಯದಲ್ಲಿ ಗತಿಯಿಲ್ಲದವರ ಪಕ್ಕದ ಬ್ಲಾಕ್‌ನಲ್ಲಿ ಹೋಗಿ ಕೂತು ನೋಡಿ. ಅಲ್ಲಿನ ನಾಲ್ಕನೇ ವರ್ಷದ ಹುಡುಗರ ಅಪ್ಪ-ಅಮ್ಮಂದಿರ ಮುಖ ಬೇರೆಯೇ ಇರುತ್ತದೆ.

ಸ್ವೆಟರ್ ಮರೆಯಬೇಡಿ, ಒಳಗೆ ಚಳಿ. ಚಿತ್ರಾನ್ನದ ಡಬ್ಬಿ ಒಳಗೆ ಬಿಡುವುದಿಲ್ಲ, ನಾನು ಒಮ್ಮೆ ಗೇಟಿನಲ್ಲೇ ನಿಂತು ಖಾಲಿ ಮಾಡಿದವನು. ನಾರ್ತ್ ಸ್ಟೇಷನ್ ಗಾರ್ಡನ್‌ನ ಕೆಳಗೇ ಇದೆ, ಗ್ರೀನ್ ಲೈನ್ ಅಲ್ಲೇ ಸಿಗುತ್ತದೆ. ಆದರೆ ಎರಡನೇ ಪಂದ್ಯ ಓವರ್‌ಟೈಮ್‌ಗೆ ಹೋದರೆ ಕೊನೆಯ ಟ್ರೇನಿನ ಸಮಯ ನೋಡಿಕೊಳ್ಳಿ. ನಾನು ಎರಡು ಸಲ ಲೋವೆಲ್ ಟ್ರೇನ್ ಬಿಟ್ಟು, ಗೋಲು ನೋಡಿ, ಟ್ಯಾಕ್ಸಿಗೆ ದುಡ್ಡು ಕೊಟ್ಟಿದ್ದೇನೆ. ಒಂದು ಸಲ ಟ್ರೇನ್ ಹಿಡಿದೆ. ಬಾಗಿಲು ಮುಚ್ಚುವಾಗ ಮೇಲಿಂದ ಕೂಗು ಕೇಳಿಸಿತು, ಗೋಲು ಹೊಡೆದದ್ದು ಯಾರು ಅಂತ ಗೊತ್ತಾಗಿದ್ದು ಮೆಡ್‌ಫರ್ಡ್ ದಾಟಿದ ಮೇಲೆ.